ವರ್ತಕರ ಅರ್ಜಿ ಧರ್ಮ, ಕಾಮಗಾರರ ಹರತಾಳ ರಾಜಕೀಯವೇ?

ಧರ್ಮಾದಾಯದ ರಸೀದಿ ಕೊಡುವ ಸಂಸ್ಥೆಗಳು ಬಾಯಿ ಮುಚ್ಚಿಕೊಂಡಿರಬೇಕು ಎಂಬ ಉಪದೇಶ ಈ ನಗರದ ನಮ್ಮ ಕನ್ನಡ ಸಂಘಗಳಲ್ಲಿ ಮೇಲಿಂದ ಮೇಲೆ ಕೇಳಿಬರುತ್ತದೆ. ರಾತ್ರಿ ಶಾಲೆ ನಡೆಸಿರಿ, ಬಡ ಹುಡುಗರಿಗೆ ಪುಸ್ತಕ ಹಂಚಿರಿ. ಪಗಾರದ ಮಾತು, ಕಾಯಿದೆಯ ಮಾತು ಎತ್ತಿದಿರೋ, ಆದಾಯಕರದ ವಿನಾಯಿತಿ ಹೋದೀತು ಎನ್ನುತ್ತಾರೆ ಹಿರಿಯರು. ಅವರ ಅಂಜಿಕೆಯನ್ನು ನಾವು ಹಗುರಾಗಿ ಕಾಣುವುದಿಲ್ಲ. ವಿನಾಯಿತಿ ಹೋದರೆ ದಾನಿಗಳು ಹಿಂದೆಗೆಯುತ್ತಾರೆ, ಶಾಲೆಯ ಬಾಡಿಗೆ ನಿಲ್ಲುತ್ತದೆ. ಆದರೆ ಯಾವ ಮಾತು ರಾಜಕೀಯ, ಯಾವುದಲ್ಲ ಎಂಬುದನ್ನು ಗಲ್ಲೆಯ ಮೇಲೆ ಕುಳಿತವರೇ ಗೊತ್ತುಪಡಿಸಬೇಕೇ?

ಹಳೆಯ ಮೊಕದ್ದಮೆಯೊಂದನ್ನು ನೋಡೋಣ. 1925ರಲ್ಲಿ ಗಾಂಧೀಜಿಯವರ ಮುಂದಾಳುತನದಲ್ಲಿ, ಕಾಂಗ್ರೆಸ್ಸಿನ ಮಡಿಲಲ್ಲಿಯೇ, ಅಖಿಲ ಭಾರತ ಚರಕಾ ಸಂಘ ಹುಟ್ಟಿತು. ಅದಕ್ಕೆ ಆದಾಯಕರ ಹಾಕಬಹುದೇ ಎಂಬ ವಾದ ಮುಂಬಯಿಯಿಂದ ಲಂಡನ್ನಿನ ಪ್ರಿವಿ ಕೌನ್ಸಿಲಿನ ತನಕ ಹೋಯಿತು. 1944ರಲ್ಲಿ ತೀರ್ಪು ಬಂತು: ಹುಟ್ಟಿದ್ದು ಕಾಂಗ್ರೆಸ್ಸಿನಿಂದಾದರೂ ಸಂಘದ ಮುಖ್ಯ ಉದ್ದೇಶ ಬಡವರ ಕಷ್ಟ ನಿವಾರಣೆ, ಆದ್ದರಿಂದ ಅದು ಧರ್ಮಕಾರ್ಯವೇ. ಆಗ ದೇಶದಲ್ಲಿದ್ದುದು ಬ್ರಿಟಿಷರ ಆಳಿಕೆ ಎಂಬುದನ್ನು ಮರೆಯಬಾರದು.

ಇನ್ನೊಂದು ಮೊಕದ್ದಮೆ ವರ್ತಕರದು. ಮದರಾಸಿನ ಆಂಧ್ರ ವಾಣಿಜ್ಯ ಮಂಡಲಿಯ ಉದ್ದೇಶಗಳಲ್ಲಿ ಒಂದು ಇದು: ವ್ಯಾಪಾರಕ್ಕೆ ಸಂಬಂಧಿಸಿದ ಕಾಯಿದೆಗಳು ಬೇಕೆಂದು ಒತ್ತಾಯಿಸುವುದು, ಬೇಡವಾದವನ್ನು ವಿರೋಧಿಸುವುದು. ಇದು ರಾಜಕೀಯವಲ್ಲವೇ, ವಿನಾಯಿತಿ ಹೇಗೆ ಕೊಡುವುದು ಎಂಬ ಪ್ರಶ್ನೆ ಎದ್ದಾಗ ಸುಪ್ರೀಂ ಕೋರ್ಟು, ಮಂಡಲಿಯ ಮುಖ್ಯ ಕೆಲಸ ವ್ಯಾಪಾರದ ಅಭಿವೃದ್ಧಿ, ಉಳಿದದ್ದು ಅದಕ್ಕೆ ಅಂಟಿಕೊಂಡು ಬಂದದ್ದು ಎಂದಿತು. 1965ರ ಕಾನೂನು ವರದಿಗಳಲ್ಲಿ ಇದು ಅಚ್ಚಾಗಿದೆ. ವಿನಾಯಿತಿ ಉಳಿಯಿತು. ಈ ತೀರ್ಪಿಗೆ ನಮ್ಮ ಆಕ್ಷೇಪವಿಲ್ಲ. ಹಾಗೆ ನೋಡಿದರೆ ನಮಗೂ ಇದು ಒಳ್ಳೆಯ ಆಧಾರವೇ. ವರ್ತಕರು ತಮ್ಮ ಕಾಯಿದೆಯ ಮಾತಾಡಬಹುದಾದರೆ ಕಪ್ಪು ಬಸಿ ತೊಳೆಯುವವನ ಕಾಯಿದೆಯ ಮಾತು ಯಾಕೆ ಆಡಬಾರದು?

ಆದರೆ ಅಳತೆಗೋಲು ಎಲ್ಲರಿಗೂ ಒಂದೇ ಇರಲಿಲ್ಲ. ಪರದೇಶದ ದೇಣಿಗೆಯ ಬಗ್ಗೆ 2011ರಲ್ಲಿ ಬಂದ ನಿಯಮಗಳನ್ನು ನೋಡಿರಿ. ಅದು ತೆರಿಗೆಯ ಕಾಯಿದೆಯಲ್ಲ, ನಮ್ಮ ಸಂಘಗಳಿಗೆ ಪರದೇಶದ ಹಣ ಹರಿದು ಬರುವುದೂ ಅಷ್ಟರಲ್ಲೇ ಇದೆ! ಆದರೂ ಸರಕಾರದ ಮನಸ್ಸು ಅದರಲ್ಲಿ ಕಂಡಿತು. ಬಂದ್, ಹರತಾಳ, ರಸ್ತೆ ತಡೆ, ಜೈಲು ಭರೋಗಳನ್ನು ರೂಢಿಯಾಗಿ ಹಿಡಿಯುವ ಸಂಸ್ಥೆಯನ್ನು ರಾಜಕೀಯ ಸ್ವರೂಪದ್ದೆಂದು ಸಾರಬಹುದು ಎಂದಿತ್ತು. ಜಾತಿ, ಧರ್ಮ, ಭಾಷೆಯ ಮೇಲೆ ಕಟ್ಟಿದ ರೈತರ, ಕಾಮಗಾರರ ಸಂಘಟನೆಗಳು ಯಾವ ಪಕ್ಷಕ್ಕೂ ಸೇರದಿದ್ದರೂ, ತಮ್ಮವರ ರಾಜಕೀಯ ಹಿತಕ್ಕೆ ದುಡಿದರೆ ಅದೇ ಗತಿ. ಭಾಷೆ ಒಂದು, ದುಡಿಮೆ ಇನ್ನೊಂದು: ನಮ್ಮಲ್ಲಿ ಎರಡೂ ಇವೆಯಲ್ಲ, ಬಂಧುಗಳೇ! 2020ರ ಮಾರ್ಚ್ 6ರಂದು ಸುಪ್ರೀಂ ಕೋರ್ಟು ಇದಕ್ಕೆ ಕಡಿವಾಣ ಹಾಕಿತು. ರಾಜಕೀಯ ಗುರಿಯಿಲ್ಲದೆ ಜನರ ಹಕ್ಕಿನ ಹೋರಾಟಕ್ಕೆ ಬೆಂಬಲ ಕೊಟ್ಟ ಸಂಸ್ಥೆಯನ್ನು ದಂಡಿಸಕೂಡದು ಎಂದಿತು. ಅದೇ ವರುಷದ ನವೆಂಬರದಲ್ಲಿ ನಿಯಮವೂ ತಿದ್ದಿತು: ಸಕ್ರಿಯ ರಾಜಕಾರಣ ಅಥವಾ ಪಕ್ಷ ರಾಜಕಾರಣದಲ್ಲಿ ತೊಡಗಿದರೆ ಮಾತ್ರ ಅಡ್ಡಿ.

ಮೋರಿಯ ಬಳಿ ದಿನವಿಡೀ ನಿಂತು, ಸಂಜೆ ರಾತ್ರಿ ಶಾಲೆಯ ಬೆಂಚಿನ ಮೇಲೆ ತೂಕಡಿಸಿದ ಹುಡುಗರನ್ನು ನಾವು ಬಲ್ಲೆವು. ನಮ್ಮಲ್ಲಿ ಹಲವರು ಆ ಹುಡುಗರೇ. ಅವರಿಗೆ ಪಾಟಿ ಕೊಟ್ಟವರನ್ನು ನೆನೆಯುತ್ತೇವೆ. ಆದರೆ 14 ವರುಷದೊಳಗಿನ ಮಕ್ಕಳನ್ನು ಹೊಟೇಲಿನಲ್ಲಿ ದುಡಿಸುವುದು ಕಾಯಿದೆಯಿಂದ ನಿಂತದ್ದು 2006ರ ಅಕ್ಟೋಬರ 10ರಿಂದ. ಅದು ಪಾಟಿ ಹಂಚಿದ್ದರಿಂದ ಆದದ್ದಲ್ಲ. ಹೀಗೆ ದುಡಿಸಬಾರದು ಎಂದು ಸರಕಾರದ ಕಿವಿಗೆ ಬೀಳುವಂತೆ ಹೇಳುವವರು ಬೇಕಾಗಿತ್ತು. ಹಗಲೆಲ್ಲ ಹುಡುಗನನ್ನು ಮೋರಿಯಲ್ಲಿ ನಿಲ್ಲಿಸಿ ರಾತ್ರಿ ಶಾಲೆಗೆ ಚಂದಾ ಬರೆದ ಧಣಿಗಳಿಗೆ ಆ ಮಾತು ರಾಜಕೀಯವಾಗಿ ಕಂಡಿದ್ದರೆ ಆಶ್ಚರ್ಯವೇನು?

ಹಾಗೆಂದು ಗೆರೆಯೇ ಬೇಡವೆಂದು ನಾವು ಹೇಳುವುದಿಲ್ಲ. ಅಮೇರಿಕೆಯಲ್ಲಿ 1954ರಲ್ಲಿ, ಆಗ ಸೆನೆಟರರಾಗಿದ್ದ ಲಿಂಡನ್ ಜಾನ್ಸನ್ನರು ತಂದ ತಿದ್ದುಪಡಿಯಂತೆ, ತೆರಿಗೆ ವಿನಾಯಿತಿಯ ಧರ್ಮಸಂಸ್ಥೆ ಚುನಾವಣೆಯಲ್ಲಿ ಉಮೇದುವಾರನ ಪರ ಇಳಿಯಕೂಡದು. ಕಾಯಿದೆಗಳ ಬಗ್ಗೆ ಒಂದು ಮಿತಿಯೊಳಗೆ ಮಾತಾಡಬಹುದು. 1992ರಲ್ಲಿ ನ್ಯೂಯಾರ್ಕ್ ಪ್ರಾಂತದ ಒಂದು ಚರ್ಚು ಮತದಾನಕ್ಕೆ ನಾಲ್ಕು ದಿನ ಮುಂಚೆ ಕ್ಲಿಂಟನ್ನರ ವಿರುದ್ಧ ಪತ್ರಿಕೆಗಳಲ್ಲಿ ಜಾಹೀರಾತು ಕೊಟ್ಟು ವಿನಾಯಿತಿ ಕಳೆದುಕೊಂಡಿತು; 2000ರಲ್ಲಿ ಮೇಲಿನ ಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಆ ಗೆರೆ ನಮಗೆ ಒಪ್ಪಿಗೆ. ಶಾಲೆಗೆಂದು ಕೊಟ್ಟ ಹತ್ತು ರೂಪಾಯಿ ಯಾರದೋ ಚುನಾವಣೆಯ ಭಿತ್ತಿಪತ್ರವಾಗುವುದು ದಾನಿಗೆ ಬಗೆದ ದ್ರೋಹ. ಕಾಮಗಾರ ಯೂನಿಯನ್ನುಗಳಿಗೂ 1926ರ ಕಾಯಿದೆ ಇದನ್ನೇ ಹೇಳಿತ್ತು: ರಾಜಕೀಯಕ್ಕೆ ಬೇರೆ ನಿಧಿ ಇರಲಿ, ಅದಕ್ಕೆ ವರ್ಗಣಿ ಕೊಡೆಂದು ಯಾವ ಸದಸ್ಯನನ್ನೂ ಬಲವಂತಪಡಿಸಬಾರದು.

ಸಂಘಗಳ ವಾರ್ಷಿಕ ಸಭೆಗಳಿಗೆ ಸದಸ್ಯರು ಒಂದು ಠರಾವು ತರಬೇಕೆಂದು ನಮ್ಮ ಸೂಚನೆ. ಸಂಘದ ಹಣ, ಕಟ್ಟಡ, ಕಾಗದ ಯಾವ ಉಮೇದುವಾರನಿಗೂ ಸಲ್ಲಬಾರದು ಎಂದು ಅದರಲ್ಲಿ ಬರೆಯಲಿ. ಪಗಾರ, ಮಕ್ಕಳ ದುಡಿಮೆ, ಚಾಳಿನ ನೀರು, ರಾತ್ರಿ ಶಾಲೆಗಳ ಅನುದಾನ ಇವುಗಳ ಬಗ್ಗೆ ಸರಕಾರಕ್ಕೆ ಬರೆಯಲು, ಬೇಕಾದರೆ ಮೋರ್ಚಾ ಒಯ್ಯಲು ಸಂಘಕ್ಕೆ ಅಡ್ಡಿಯಿಲ್ಲ ಎಂದೂ ಅದೇ ಹಾಳೆಯಲ್ಲಿ ಬರೆಯಲಿ. ಸಹಿ ಹಾಕುವ ಮುಂಚೆ ಆದಾಯಕರದ ವಕೀಲರೊಬ್ಬರಿಗೆ ತೋರಿಸುವುದೂ ಆಗಲಿ.