ಯಾರು ಹಿರಿಯರು?



ಪ್ರೆಸ್ಬಿಟೇರಿಯನ್ ಅನ್ನೋ ಪದಕ್ಕೆ ನಾಲಿಗೆ ಹೊರಳೋದಿಲ್ಲ. ಆದರೆ ಅದರ ಹೊಟ್ಟೆಯೊಳಗಿರೋ ಗ್ರೀಕ್ ಮಾತಿನ ಅರ್ಥ ನಮಗೆ ತೀರಾ ಪರಿಚಯದ್ದು: ಹಿರಿಯ. ಹಿರಿಯರ ಮಂಡಳಿ ಸೇರಿ ನಡೆಸುವ ಕ್ರೈಸ್ತ ಸಭೆ ಅಂತ. ನಲ್ಲೂರಿಗೆ ಹೋದಾಗ ಇದನ್ನು ಅವ್ವನಿಗೆ ಹೇಳಿದೆ. ಅಡಿಕೆ ಸುಲೀತಿದ್ದವಳು ಕೈ ನಿಲ್ಲಿಸಿ, "ಹಿರೇರ ಸಾವಾಸ ಇಲ್ಲಿದ್ದದ್ದು ಸಾಲ್ದು ಅಂತ ಅಲ್ಲಿಗೂ ಹೋದ್ಯಾ?" ಅಂದಳು. ಹಿರಿಯರು ಅಂದರೆ ನಮ್ಮ ಜನಕ್ಕೆ ಕಟ್ಟೆ ಮೇಲೆ ಕೂತು ದಂಡ ಹಾಕೋರು. ನಾವು ಕೆಳಗೆ ನಿಂತು ಕೇಳಿಸಿಕೊಳ್ಳೋರು.

ಅವಳ ಪ್ರಶ್ನೆಯಿಂದಲೇ ಶುರು ಮಾಡ್ತೀನಿ. ಯಾಕಂದರೆ ಬೆಂಗಳೂರಿನ ನಮ್ಮ ಹಾಸ್ಟೆಲಿನಲ್ಲಿ ಎದ್ದಿರೋ ಜಗಳದಲ್ಲಿ ಅದನ್ನು ಯಾರೂ ಕೇಳ್ತಿಲ್ಲ. ಒಬ್ಬ ಗೆಳೆಯ ಭಾನುವಾರ ಚರ್ಚಿಗೆ ಹೋಗಿ ಬಂದು, "ಬಾಗಿಲಲ್ಲೇ ಕೈ ಕುಲುಕಿದರು ಕಣ್ರೋ, ಪಕ್ಕದಲ್ಲೇ ಕೂರಿಸಿಕೊಂಡರು" ಅಂತ ಕಣ್ಣಲ್ಲಿ ನೀರು ತಂದುಕೊಂಡ. ಇನ್ನೊಂದು ಗುಂಪು "ಬ್ರೆಡ್ಡಿಗೆ ಮಾರಿಕೊಂಡ" ಅಂತ ನಕ್ಕಿತು. ನಕ್ಕವರಿಗೆ ಮೊದಲು ಹೇಳ್ತೀನಿ: ಹೋಟೆಲಿನ ಹಿಂದೆ ಬೇರೆ ಲೋಟ ತೊಳೆದು ಕುಡಿದ ಅಪ್ಪಂದಿರ ಮಕ್ಕಳು ನೀವು. ಒಂದು ಕೈ ಕುಲುಕಿದ್ದಕ್ಕೆ ಅತ್ತವನನ್ನು ನೋಡಿ ನಗೋ ಹಕ್ಕು ನಿಮಗಿಲ್ಲ.

ಈ ಪಂಥ ಸುಮ್ಮನೆ ಹುಟ್ಟಿದ್ದಲ್ಲ. 1560ರಲ್ಲಿ ಸ್ಕಾಟ್ಲೆಂಡಿನಲ್ಲಿ ಜಾನ್ ನಾಕ್ಸ್ ಮತ್ತು ಅವನ ಸಂಗಡಿಗರು ಪೋಪನನ್ನು ಕಿತ್ತೊಗೆದು ಒಂದು ಶಿಸ್ತಿನ ಪುಸ್ತಕ ಬರೆದರು. ಬೋಧಕನನ್ನು ಸಭೆಯ ಜನ ಆರಿಸಬೇಕು, ಹಿರಿಯರನ್ನೂ ಜನವೇ ಆರಿಸಬೇಕು, ಅದೂ ವರ್ಷಕ್ಕೊಮ್ಮೆ. ಬಹಳ ಕಾಲ ಕುರ್ಚಿಯಲ್ಲಿ ಕೂತವನು ಸಭೆಯ ಸ್ವಾತಂತ್ರ್ಯದ ಮೇಲೇ ಸವಾರಿ ಮಾಡ್ತಾನೆ ಅಂತ ಕಾರಣವನ್ನೂ ಕೊಟ್ಟಿದ್ದಾರೆ. ಹುಟ್ಟಿನಿಂದ ಪುರೋಹಿತನಾಗೋ ದೇಶದಲ್ಲಿ ಕೂತು ಇದನ್ನು ಓದಿ ನೋಡಿ, ಮೈ ಜುಮ್ಮೆನ್ನುತ್ತೆ.

ಬೆಂಗಳೂರಿನ ದಂಡಿನಲ್ಲಿದ್ದ ಸ್ಕಾಟ್ ಜನರಿಗಾಗಿ ಕಬ್ಬನ್ ರಸ್ತೆಯಲ್ಲಿ ಸಂತ ಆಂಡ್ರ್ಯೂ ಚರ್ಚಿಗೆ 1864ರಲ್ಲಿ ಅಡಿಗಲ್ಲು ಬಿತ್ತು, 1866ರಲ್ಲಿ ಬಾಗಿಲು ತೆರೆಯಿತು. ಈಗ ಅದು ದಕ್ಷಿಣ ಭಾರತ ಸಭೆ ಅಂದರೆ ಸಿ.ಎಸ್.ಐ.ಗೆ ಸೇರಿದೆ. 1947ರ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ಆಂಗ್ಲಿಕನ್, ಮೆಥಡಿಸ್ಟ್, ಪ್ರೆಸ್ಬಿಟೇರಿಯನ್, ಕಾಂಗ್ರಿಗೇಷನಲ್ ಧಾರೆಗಳು ಕೂಡಿ ಹುಟ್ಟಿದ ಸಭೆ ಅದು. ಕೂಡಿಕೊಂಡಾಗ ಬಿಷಪ್ಪರೂ ವಾಪಸ್ ಬಂದರು. (ನಾಕ್ಸ್ ಇದ್ದಿದ್ದರೆ ಏನಂತಿದ್ದನೋ.)

ಇನ್ನು ನಂಬಿಕೆಯ ಮಾತು. ಇವರ ಬೋಧನೆಯ ತಿರುಳು ಕೃಪೆ. ದೇವರ ಪ್ರೀತಿಯನ್ನು ನೀನು ದುಡಿದು ಸಂಪಾದಿಸೋಕಾಗಲ್ಲ, ಅದು ಬಿಟ್ಟಿ ಬರೋದು. ಹಾಗಾಗಿ ಏನೂ ಅರಿಯದ ಕೂಸಿಗೂ ದೀಕ್ಷಾಸ್ನಾನ ಕೊಡ್ತಾರೆ. ಹಿಂದಿನ ಜನ್ಮದ ಪಾಪಕ್ಕೆ ಹೊಲೆಯನಾಗಿ ಹುಟ್ಟಿದೆ ಅಂತ ಕೇಳಿ ಬೆಳೆದವನ ಕಿವಿಗೆ ಈ ಮಾತು ಬಿದ್ದರೆ ಕರ್ಮಸಿದ್ಧಾಂತದ ಕುತ್ತಿಗೆ ಮುರಿದ ಸದ್ದು ಕೇಳುತ್ತೆ. ಸುಳ್ಳು ಯಾಕೆ ಹೇಳಲಿ, ನನಗೂ ಕೇಳಿಸಿತು. ಆದರೆ ಇದೇ ಪಂಥದ ಹಳೆಯ ಗುರು ಕ್ಯಾಲ್ವಿನ್ ಇನ್ನೊಂದು ಮಾತನ್ನೂ ಹೇಳಿದ್ದಾನೆ: ಯಾರಿಗೆ ಮೋಕ್ಷ, ಯಾರಿಗೆ ನರಕ ಅನ್ನೋದನ್ನ ದೇವರು ಮೊದಲೇ ಆರಿಸಿಟ್ಟಿದ್ದಾನೆ ಅಂತ. ಅಯ್ಯೋ ಸ್ವಾಮಿ, ಹುಟ್ಟೋ ಮುಂಚೆ ಬರೆದಿಟ್ಟ ಹಣೆಬರಹವನ್ನು ಅಳಿಸೋಕೆ ತಾನೇ ನಾವು ಹೊರಟಿರೋದು! ಈಗಿನ ಬೋಧಕರು ಆ ಮಾತನ್ನು ಮೆಲ್ಲಗೆ ದಾಟಿ ಹೋಗ್ತಾರೆ. ದಾಟಲಿ, ಒಳ್ಳೇದೇ.

ನಾನೂ ಒಂದು ಭಾನುವಾರ ಹೋಗಿದ್ದೆ. ಯಾವ ಚರ್ಚು ಅಂತ ಬರೆಯೋದಿಲ್ಲ. ಕೈ ಕುಲುಕಿದರು, ಹಾಡಿನ ಪುಸ್ತಕ ಕೊಟ್ಟರು, ಪುಟ ಹುಡುಕಿಕೊಟ್ಟರು. ಪ್ರಭುಭೋಜನದ ಹೊತ್ತಿಗೆ ಜನ ಸಾಲಾಗಿ ಮೊಣಕಾಲೂರಿದರು. ಒಂದೇ ಬಟ್ಟಲು ಬಾಯಿಂದ ಬಾಯಿಗೆ ಹೋಯಿತು. ದೀಕ್ಷಾಸ್ನಾನವಾಗದ ನಾನು ಕೂತಲ್ಲೇ ನೋಡಿದೆ. ಎಂಜಲಿಗೆ ಹೆದರದ ಜನ! ಆಮೇಲೆ ಹೊರಗೆ ಟೀ ಕೊಟ್ಟರು. ಬಹಳ ಪ್ರೀತಿಯಿಂದ ಮಾತಾಡಿದ ಹಿರಿಯರೊಬ್ಬರು ನನ್ನ ಊರು ಕೇಳಿದರು, ತಂದೆ ಕೆಲಸ ಕೇಳಿದರು. ಕೊನೆಗೆ "ಊರಲ್ಲಿ ಯಾವ ಬೀದಿ?" ಅಂದರು. ಅಡ್ರೆಸ್ಸಿಗೆ ಕೇಳಿದ ಪ್ರಶ್ನೆ ಅಲ್ಲ ಅದು. ಟೀ ಬಿಸಿಯಾಗೇ ಇತ್ತು, ನನ್ನ ಕೈ ತಣ್ಣಗಾಯಿತು.

ಈ ರೋಗ ಹಳೇದು. 1833ರಲ್ಲಿ ಆಂಗ್ಲಿಕನ್ ಬಿಷಪ್ ಡೇನಿಯಲ್ ವಿಲ್ಸನ್, ಸಭೆಯೊಳಗೆ ಜಾತಿ ಕೂಡದು, ಈಗಲೇ ಬಿಡಿ ಅಂತ ಆಜ್ಞೆ ಹೊರಡಿಸಿದಾಗ ತಂಜಾವೂರು, ಮದರಾಸಿನ ವೆಪೇರಿಗಳಲ್ಲಿ ಮೇಲ್ಜಾತಿಯ ಕ್ರೈಸ್ತರು ಸಭೆ ಬಿಟ್ಟು ಎದ್ದು ಹೋದರು. ಪರೆಯರ ಜೊತೆ ಒಂದೇ ಬಟ್ಟಲು ಅವರಿಗಾಗಲಿಲ್ಲ. ನೋಡಿ, ಅಲ್ಲಿ ಜಾತಿಗೆ ಕೈ ಹಾಕಿದವನು ಬಿಷಪ್. ಹಿರಿಯರನ್ನು ಜನವೇ ಆರಿಸಲಿ ಅಂತ ಬಿಟ್ಟಿದ್ದರೆ ಎದ್ದು ಹೋದವರೇ ಆರಿಸಿಕೊಂಡು ಬರುತ್ತಿದ್ದರೋ ಏನೋ! ನಮ್ಮ ಪಂಚಾಯ್ತಿ ಎಲೆಕ್ಷನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಸಭೆಯೊಳಗೆ ಜಾತಿ ಇದೆ, ಸರ್ಕಾರದ ಕಾಗದದಲ್ಲಿ ಮಾತ್ರ ಇಲ್ಲ. 1950ರ ಪರಿಶಿಷ್ಟ ಜಾತಿ ಆದೇಶ ಹಿಂದೂಗಳಿಗೆ ಮಾತ್ರ ಅಂತಿತ್ತು. 1956ರಲ್ಲಿ ಸಿಖ್ಖರು, 1990ರಲ್ಲಿ ಬೌದ್ಧರು ಸೇರಿದರು. ಕ್ರೈಸ್ತನಾದ ದಲಿತ ಹೊರಗೇ ಉಳಿದ. ಮದರಾಸಿನ ರಸ್ತೆಬದಿಯಲ್ಲಿ ಚಪ್ಪಲಿ ಹೊಲೀತಿದ್ದ ಸೂಸೈ, ಉಳಿದ ಚಮ್ಮಾರರಿಗೆ ಕೊಟ್ಟ ಪೆಟ್ಟಿಗೆ ಅಂಗಡಿ ನನಗೂ ಕೊಡಿ ಅಂತ ಸುಪ್ರೀಂ ಕೋರ್ಟಿಗೆ ಹೋದ. 1985ರಲ್ಲಿ ಸೋತ. ಕ್ರೈಸ್ತನಾದ ಮೇಲೂ ಅದೇ ಕಷ್ಟ ಅಷ್ಟೇ ತೀವ್ರವಾಗಿದೆ ಅಂತ ಸಾಬೀತಾಗಿಲ್ಲ ಅಂದಿತು ಕೋರ್ಟು. ಅವನ ಕೈಯ ದಬ್ಬಳ ಸಾಕ್ಷಿ ಹೇಳಲಿಲ್ಲ. 2025ರ ಸೆಪ್ಟೆಂಬರಿನಲ್ಲಿ ನಮ್ಮ ರಾಜ್ಯದ ಸಮೀಕ್ಷೆಯ ಪಟ್ಟಿಯಲ್ಲಿ ಜಾತಿಯ ಹೆಸರಿಗೆ ಕ್ರಿಶ್ಚಿಯನ್ ಅಂತ ಅಂಟಿಸಿದ್ದೇ ತಡ, ಎಂಥ ಗಲಾಟೆ! ಆ ಹೆಸರುಗಳನ್ನೇ ಪಟ್ಟಿಯಿಂದ ಮರೆಮಾಡಿದರು.

ಚರ್ಚಿನ ಒಳಗೂ ಜಗಳ ಆಡಿದವರಿದ್ದಾರೆ, ಅದನ್ನು ಮರೆಯೋದು ಬೇಡ. 1981ರಲ್ಲಿ ಇದೇ ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ ಅರವಿಂದ ನಿರ್ಮಲ್ ಎದ್ದು ನಿಂತು, ನಮ್ಮ ದೇವರ ಶಾಸ್ತ್ರವನ್ನು ಬ್ರಾಹ್ಮಣ ತತ್ವದ ಮೇಲೆ ಕಟ್ಟಿದ್ದು ಸಾಕು ಅಂದರು. ದಲಿತ ದೇವಶಾಸ್ತ್ರಕ್ಕೆ ದಾರಿಯಾದದ್ದು ಆ ಭಾಷಣ. ಆಗಸ್ಟ್ 10ನ್ನು ಕರಾಳ ದಿನ ಅಂತ ಆಚರಿಸಿ ಬೀದಿಗಿಳಿಯೋ ಕ್ರೈಸ್ತರೂ ಇದ್ದಾರೆ. ಆ ದಿನ ನಮ್ಮ ಸಂಘಟನೆಯ ಎಷ್ಟು ಬಾವುಟ ಅವರ ಜೊತೆ ಇರುತ್ತವೆ? ಮೀಸಲಾತಿ ಪಾಲು ಹೋಗುತ್ತೆ ಅಂತ ನಮ್ಮವರೇ ಬಾಯಿ ಮುಚ್ಚಿಕೊಳ್ತಾರಲ್ಲ, ಅದಕ್ಕೇನು ಹೆಸರು?

ಆದ್ದರಿಂದ ಹೋಗೋರು ಹೋಗಿ, ಕದ್ದು ಹೋಗಬೇಡಿ. ಕೈ ಕುಲುಕಿದರೆ ಕುಲುಕಿ. ಟೀ ಕುಡಿಯುವಾಗ ನೀವೇ ಮೊದಲು ಕೇಳಿ: ಇಲ್ಲಿ ಹಿರಿಯರು ಎಷ್ಟು ಜನ, ಅವರಲ್ಲಿ ನಮ್ಮ ಕೇರಿಯಿಂದ ಬಂದವರು ಎಷ್ಟು, ಕಸ ಗುಡಿಸೋರಲ್ಲಿ ಎಷ್ಟು, ಕಳೆದ ಆಗಸ್ಟ್ 10ರಂದು ಈ ಬಾಗಿಲು ತೆರೆದಿತ್ತಾ ಅಂತ. ಬರುವ ಭಾನುವಾರ ನಾನು ಮತ್ತೆ ಹೋಗ್ತಿದೀನಿ. ಬರೋರು ಶನಿವಾರ ರಾತ್ರಿ ನನ್ನ ರೂಮಿಗೆ ಬನ್ನಿ, ನಕ್ಕವರೂ ಬನ್ನಿ. ಬಸ್ ಚಾರ್ಜು ಹಂಚಿಕೊಳ್ಳೋಣ.