ವಿ.ಎಸ್. ಕೋಡ್: ಗುಣವೆಷ್ಟು, ಭಾರವೆಷ್ಟು?

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳಂತಹ ಊರುಗಳ ವಿದ್ಯಾರ್ಥಿಗಳೂ ಈಗ ಪೈಥಾನ್ ಭಾಷೆಯಲ್ಲಿ ಪ್ರೋಗ್ರಾಮು ಬರೆಯಲು ಕಲಿಯುತ್ತಿರುವುದು ಸಂತೋಷದ ಸಂಗತಿ. ಆದರೆ ಆ ಸಾಲುಗಳನ್ನು ಬರೆದು ತಿದ್ದುವುದಕ್ಕೆ ಯಾವ ಎಡಿಟರ್ ತಕ್ಕುದೆಂದು ಕೇಳಿದರೆ ಬಹುಮಂದಿ ವಿಚಾರಮಾಡದೆ ಕೊಡುವ ಉತ್ತರ ಒಂದೇ: ಮೈಕ್ರೋಸಾಫ್ಟ್ ಸಂಸ್ಥೆ 2015ರಲ್ಲಿ ಹೊರತಂದ ವಿಷುಯಲ್ ಸ್ಟುಡಿಯೊ ಕೋಡ್. ಈ ಉತ್ತರವನ್ನು ಕೊಂಚ ತೂಗಿನೋಡುವುದು ಅವಶ್ಯವೆಂದು ನಾವು ಭಾವಿಸುತ್ತೇವೆ.

ಅದರ ಗುಣಗಳು ಅಲ್ಪವಲ್ಲ. ಬೆಲೆಯಿಲ್ಲದೆ ದೊರೆಯುತ್ತದೆ, ವಿಂಡೋಸ್, ಲಿನಕ್ಸ್ ಎರಡರಲ್ಲಿಯೂ ನಡೆಯುತ್ತದೆ. ಪೈಥಾನಿಗೆಂದೇ ಇರುವ ಎಕ್ಸ್‌ಟೆನ್ಷನ್ ಒಂದನ್ನು ಜೋಡಿಸಿಕೊಂಡರೆ, ಆವರಣಚಿಹ್ನೆಯನ್ನು ಮುಚ್ಚಲು ಮರೆತ ಕೂಡಲೆ ಕೆಂಪು ಗೆರೆ ಮೂಡುವುದು. ಕನ್ನಡಿಗರ ಮಟ್ಟಿಗೆ ಮತ್ತೊಂದು ಗುಣವುಂಟು. ‘ಕ್ಷ’ ಎಂಬುದು ನಮ್ಮ ಕಣ್ಣಿಗೆ ಒಂದೇ ಅಕ್ಷರ. ಯೂನಿಕೋಡಿನಲ್ಲಾದರೋ ‘ಕ’, ಹಲಂತಚಿಹ್ನೆ, ‘ಷ’ ಎಂಬ ಮೂರು ಸಂಕೇತಗಳು. ಟರ್ಮಿನಲ್ಲಿನಲ್ಲಿ ವಿಮ್ ಎಂಬ ಹಗುರವಾದ ಎಡಿಟರನ್ನು ತೆರೆದಾಗ ಇಂತಹ ಒತ್ತಕ್ಷರಗಳು ಅನೇಕ ವೇಳೆ ಚೆದರಿಹೋಗುತ್ತವೆ, ವಿ.ಎಸ್. ಕೋಡಿನಲ್ಲಿ ಸರಿಯಾಗಿ ಕೂಡಿಕೊಳ್ಳುತ್ತವೆ.

ಹೀಗೇಕೆಂದು ವಿಚಾರಿಸಿದರೆ ದೋಷವೂ ಅಲ್ಲಿಯೇ ಗೋಚರಿಸುವುದು. ಈ ಎಡಿಟರು ಕ್ರೋಮಿಯಂ ಎಂಬ ಬ್ರೌಸರನ್ನೇ ತನ್ನ ಒಡಲಲ್ಲಿ ಹೊತ್ತಿದೆ. ಅಕ್ಷರಗಳನ್ನು ಅಂದವಾಗಿ ಕೂಡಿಸುವುದು ಅದೇ. ನೂರಾರು ಮೆಗಾಬೈಟು ಸ್ಮೃತಿಯನ್ನು ನುಂಗುವುದೂ ಅದೇ. 4 ಗಿಗಾಬೈಟಿನ ಹಳೆಯ ಯಂತ್ರ ಏದುಸಿರುಬಿಡುತ್ತದೆ. ಹತ್ತು ಸಾಲಿನ ಲೆಕ್ಕಕ್ಕೆ ಪೈಥಾನಿನೊಡನೆಯೇ ಬರುವ ಐಡಲ್ ಸಾಲದೆ? ಒಂದು ಚೀಲ ಮೆಕ್ಕೆಜೋಳಕ್ಕೆ ಲಾರಿ ಗೊತ್ತುಮಾಡುವವರುಂಟೆ? ಇದಲ್ಲದೆ, ನಾವಾಗಿ ತಡೆಯದ ಹೊರತು, ಅದು ಬಳಕೆಯ ವಿವರಗಳನ್ನು ತಯಾರಕರಿಗೆ ಕಳುಹಿಸುತ್ತಿರುತ್ತದೆ.

ನಮ್ಮ ಮುಖ್ಯ ಆಕ್ಷೇಪ ಇನ್ನೊಂದಿದೆ. 2024ರ ಡಿಸೆಂಬರಿನಿಂದ ಕೋಪೈಲಟ್ ಎಂಬ ಕೃತಕ ಬುದ್ಧಿಮತ್ತೆಯ ಸಹಾಯಕವೂ ಒಂದು ಮಿತಿಯೊಳಗೆ ಉಚಿತವಾಗಿ ಇದರಲ್ಲಿ ಲಭಿಸುತ್ತಿದೆ. ವಿದ್ಯಾರ್ಥಿ ಒಂದು ಪದ ಬರೆಯುವಷ್ಟರಲ್ಲಿ ಮುಂದಿನ ಸಾಲುಗಳು ಮಸುಕಾಗಿ ಮೂಡಿ ನಿಲ್ಲುತ್ತವೆ. ಟ್ಯಾಬ್ ಕೀಲಿ ಒತ್ತಿದರಾಯಿತು. ಈಗ, ಓರೆಯಾಗಿ ಮೇಲಕ್ಕೆಸೆದ ಚೆಂಡಿನ ಲೆಕ್ಕವನ್ನು ನೋಡೋಣ. 30 ಡಿಗ್ರಿಯ ಸೈನ್ ಬೇಕಾದಲ್ಲಿ ಬರಿಯ 30 ಎಂದು ಕೊಟ್ಟರೆ ಪೈಥಾನ್ ಅದನ್ನು ರೇಡಿಯನ್ ಎಂದೇ ತಿಳಿದು, 0.5ಕ್ಕೆ ಬದಲಾಗಿ −0.988 ಎನ್ನುವುದು. ವ್ಯಾಕರಣ ಸರಿಯಿರುವುದರಿಂದ ಕೆಂಪು ಗೆರೆಯಿಲ್ಲ. ಮೇಲಕ್ಕೆಸೆದ ಚೆಂಡು ನೆಲದೊಳಕ್ಕೆ ಇಳಿಯಿತೆಂಬ ಉತ್ತರ ಕಂಡು ಬೆಚ್ಚಬೇಕಾದವನು ವಿದ್ಯಾರ್ಥಿ. ಒಂದು ಸಾಲನ್ನೂ ತಾನೇ ಬರೆಯದವನು ತಪ್ಪನ್ನು ಎಲ್ಲಿ ಹುಡುಕಿಯಾನು?

ಆದುದರಿಂದ ಮೊದಲ ಸೆಮಿಸ್ಟರು ಐಡಲಿನಲ್ಲಿಯೇ ಕಳೆಯಲಿ. ಹಲವು ಕಡತಗಳ ದೊಡ್ಡ ಕೆಲಸ ಬಂದಾಗ ವಿ.ಎಸ್. ಕೋಡ್ ಬರಲಿ, ಸಂತೋಷವೇ; ಕೋಪೈಲಟನ್ನು ನಿಲ್ಲಿಸುವ ಏರ್ಪಾಡು ಅದರ ಸೆಟ್ಟಿಂಗ್ಸಿನಲ್ಲಿಯೇ ಇದೆ.