ಕುಂಬಾರನ ಮಗಳಿಗೆ ಮಡಕೆಯ ಪಾಠ

ಕುಂಬಾರನು ಮಡಕೆ ಮಾಡುತ್ತಾನೆ. ರೈತನು ಬೆಳೆ ಬೆಳೆಯುತ್ತಾನೆ. ಅಂಚೆಯವನು ಪತ್ರ ತರುತ್ತಾನೆ. ಎಳೆಯ ಮಕ್ಕಳಿಗೆ ಸಮಾಜವನ್ನು ಕಲಿಸುವುದೆಂದರೆ ಬಹುಮಟ್ಟಿಗೆ ಇಂತಹ ವಾಕ್ಯಗಳ ಬಿಟ್ಟ ಸ್ಥಳ ತುಂಬಿಸುವುದು ಎಂಬಂತಾಗಿದೆ. ಅದೇ ತರಗತಿಯ ಮೂರನೆಯ ಸಾಲಿನಲ್ಲಿ ಕುಂಬಾರನ ಮಗಳು ಕುಳಿತಿರುತ್ತಾಳೆ. ಯಾವ ಕೆರೆಯ ಮಣ್ಣು ಬಿರಿಯುತ್ತದೆ, ಯಾವುದು ಬಿರಿಯುವುದಿಲ್ಲ, ಮಳೆಗಾಲದಲ್ಲಿ ಆವಿಗೆ ಹಚ್ಚುವುದೇಕೆ ಕಷ್ಟ, ಪ್ಲಾಸ್ಟಿಕ್ ಕೊಡ ಬಂದ ಮೇಲೆ ಅಪ್ಪನ ವ್ಯಾಪಾರ ಏನಾಯಿತು ಎಂಬುದೆಲ್ಲ ಅವಳಿಗೆ ಗೊತ್ತು. ಆದರೆ ಪಾಠವು ಅವಳಿಂದ ಬಯಸುವುದು ಒಂದೇ ಪದವನ್ನು. ತನಗೆ ಗೊತ್ತಿರುವುದರ ನೂರರಲ್ಲೊಂದು ಪಾಲನ್ನು ಬರೆದು ಅವಳು ಪೂರ್ಣ ಅಂಕ ಪಡೆಯುತ್ತಾಳೆ. ಶಾಲೆಯ ಅರಿವು ಮನೆಯ ಅರಿವಿಗಿಂತ ಬಡವಾದುದು ಎಂಬ ತೀರ್ಮಾನಕ್ಕೆ ಅವಳು ಅಂದೇ ಬಂದರೆ ಅದನ್ನು ಅವಳ ತಪ್ಪೆನ್ನಲಾಗದು.

ಇದು ಯಾವುದೋ ಒಬ್ಬ ಶಿಕ್ಷಕರ ಅಜಾಗರೂಕತೆಯ ಫಲವಲ್ಲ. ಇದರ ಹಿಂದೆ ಒಂದು ಸಿದ್ಧಾಂತವಿದೆ. ನಾನು, ನನ್ನ ಕುಟುಂಬ, ನನ್ನ ಶಾಲೆ, ನನ್ನ ಊರು, ತಾಲ್ಲೂಕು, ಜಿಲ್ಲೆ, ರಾಜ್ಯ, ದೇಶ, ಜಗತ್ತು ಎಂದು ವೃತ್ತಗಳು ಹಿಗ್ಗುತ್ತ ಹೋಗಬೇಕೆಂಬುದು ಆ ಸಿದ್ಧಾಂತ. ಇಪ್ಪತ್ತನೆಯ ಶತಮಾನದ ಅಮೆರಿಕದಲ್ಲಿ ಪಾಲ್ ಹಾನ್ನಾ ಮೊದಲಾದವರಿಂದ ವ್ಯವಸ್ಥಿತ ರೂಪ ಪಡೆದ ಈ ಕ್ರಮವನ್ನು ಡಯೇನ್ ರಾವಿಚ್ 1987ರಲ್ಲಿ ಕಟುವಾಗಿ ವಿಮರ್ಶಿಸಿದರು. ಮಕ್ಕಳಿಗೆ ಆಗಲೇ ತಿಳಿದಿರುವುದನ್ನು ವಿಧಿವತ್ತಾಗಿ ಪುನರುಚ್ಚರಿಸುವ ಈ ಪಾಠಗಳು ಕೆಳ ತರಗತಿಗಳಿಂದ ಇತಿಹಾಸವನ್ನೂ ಕಥನವನ್ನೂ ಹೊರದೂಡಿದವು ಎಂಬುದು ಅವರ ಆಕ್ಷೇಪದ ಸಾರ. ಹತ್ತಿರವಿರುವುದೆಲ್ಲ ಸುಲಭ, ದೂರವಿರುವುದೆಲ್ಲ ಕಠಿಣ ಎಂಬ ಗ್ರಹಿಕೆಯೇ ಇಲ್ಲಿಯ ಮೂಲದೋಷ. ಏಳು ವರ್ಷದ ಮಗು ರಾಮಾಯಣದ ಲಂಕೆಯಲ್ಲಿ ನಿರಾಯಾಸವಾಗಿ ಸಂಚರಿಸುತ್ತದೆ. ಪಂಚಾಯಿತಿ ಕಚೇರಿಯ ಕಾರ್ಯವ್ಯಾಪ್ತಿ ಅದಕ್ಕೆ ಪಕ್ಕದ ಬೀದಿಯಲ್ಲೇ ಇದ್ದರೂ ಅಪರಿಚಿತ.

2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಮೂರರಿಂದ ಐದನೆಯ ತರಗತಿಯವರೆಗೆ ವಿಜ್ಞಾನವನ್ನೂ ಸಮಾಜವನ್ನೂ ಬೆಸೆದು ಪರಿಸರ ಅಧ್ಯಯನವೆಂಬ ಒಂದೇ ವಿಷಯವಾಗಿ ಕಲಿಸಬೇಕೆಂದಿತು. ಅದರ ಆಶಯ ಉನ್ನತವಾದುದು. ಮಗುವಿನ ಅನುಭವದಿಂದಲೇ ಕಲಿಕೆ ಹೊರಡಬೇಕೆಂಬುದನ್ನು ಯಾರೂ ಅಲ್ಲಗಳೆಯಲಾರರು. ಆದರೆ ಹೊರಡಬೇಕಾದ ಜಾಗದಲ್ಲಿಯೇ ಕಲಿಕೆ ನಿಂತುಬಿಟ್ಟರೆ ಅದು ಪ್ರಯಾಣವೆನಿಸುವುದಿಲ್ಲ. ಇತಿಹಾಸವು ತನ್ನದೇ ಹೆಸರಿನಲ್ಲಿ ಕಾಲಿಡುವುದು ಆರನೆಯ ತರಗತಿಯಲ್ಲಿ. ಆಗ ಹರಪ್ಪ, ಮೌರ್ಯ, ಗುಪ್ತ ಎಂದು ಸಾವಿರಾರು ವರ್ಷಗಳು ಒಮ್ಮೆಗೇ ಮಗುವಿನ ಮೇಲೆ ಬೀಳುತ್ತವೆ. ಐದು ವರ್ಷ ಅರೆಹೊಟ್ಟೆ, ಆರನೆಯ ವರ್ಷ ಅಜೀರ್ಣ.

ಈ ದುಃಸ್ಥಿತಿಯ ಕಡೆಗೆ ನಾಡಿನ ವಿದ್ವಜ್ಜನರ ಗಮನ ಹರಿದಿದೆಯೇ? 2022ರಲ್ಲಿ ಕರ್ನಾಟಕದ ಪಠ್ಯಪುಸ್ತಕ ಪರಿಷ್ಕರಣೆಯನ್ನು ಕುರಿತು ಭಾರೀ ವಿವಾದವೆದ್ದಿತು. ಯಾರ ಪಾಠ ಸೇರಿತು, ಯಾರದು ಬಿಟ್ಟುಹೋಯಿತು, ಯಾರಿಗೆ ಎಷ್ಟು ಸಾಲು ದಕ್ಕಿತು ಎಂಬುದು ಬೀದಿಯವರೆಗೂ ಚರ್ಚೆಯಾಯಿತು. ಆ ಚರ್ಚೆ ಅನಗತ್ಯವೇನಲ್ಲ. ಆದರೆ ಎಂಟು ವರ್ಷದ ಮಗು ಆ ಪುಟದೊಡನೆ ಏನು ಮಾಡುತ್ತದೆ ಎಂಬ ಪ್ರಶ್ನೆ ಅಲ್ಲಿ ಕೇಳಿಬಂದುದು ತೀರ ವಿರಳ. ಎರಡೂ ಪಕ್ಷಗಳು ಒಂದು ವಿಷಯದಲ್ಲಿ ಒಮ್ಮತ ಹೊಂದಿದ್ದಂತೆ ತೋರುತ್ತದೆ: ಮಗುವೆಂದರೆ ಹಿರಿಯರು ತಮ್ಮ ನಂಬಿಕೆಗಳನ್ನು ತುಂಬಿಡುವ ಪಾತ್ರೆ.

ಎಳೆಯರಿಗೆ ಇತಿಹಾಸ ಒಗ್ಗದೆನ್ನುವವರ ಬಳಿ ಒಂದು ಶಾಸ್ತ್ರೀಯ ಸಮರ್ಥನೆಯೂ ಇದೆ. ಪಿಯಾಜೆಯ ವಿಕಾಸಹಂತಗಳನ್ನು ಇತಿಹಾಸ ಬೋಧನೆಗೆ ಅನ್ವಯಿಸಿದ ಬ್ರಿಟನ್ನಿನ ಹಾಲಮ್ ಮೊದಲಾದವರು, ಐತಿಹಾಸಿಕ ಚಿಂತನೆ ಹದಿಹರೆಯಕ್ಕೆ ಮುನ್ನ ಪಕ್ವವಾಗದೆಂದರು. ಇದಕ್ಕೆ ಪ್ರತಿಯಾಗಿ, ಯಾವುದೇ ವಿಷಯವನ್ನು ಅದರ ಸತ್ಯಕ್ಕೆ ಚ್ಯುತಿ ಬಾರದಂತೆ ಯಾವುದೇ ವಯಸ್ಸಿನ ಮಗುವಿಗೂ ಕಲಿಸಬಹುದೆಂಬ ನಿಲುವನ್ನು ಜೆರೋಮ್ ಬ್ರೂನರ್ 1960ರಲ್ಲಿಯೇ ಮಂಡಿಸಿದ್ದರು. ಶತಮಾನಗಳ ಲೆಕ್ಕ ಮಗುವಿಗೆ ಬಾರದಿರಬಹುದು. ಆದರೆ ಮೊದಲು-ಆಮೇಲೆ, ಇತ್ತು-ಈಗಿಲ್ಲ, ಯಾರು ಹೇಳಿದರು-ಹೇಗೆ ಗೊತ್ತು ಎಂಬ ವಿವೇಚನೆ ಅದಕ್ಕೆ ಚೆನ್ನಾಗಿ ಬರುತ್ತದೆ. ಇತಿಹಾಸದ ಅಡಿಪಾಯವೂ ಇವೇ.

ಕನ್ನಡ ನಾಡು ಈ ವಿಷಯದಲ್ಲಿ ಅಸಾಧಾರಣವಾಗಿ ಭಾಗ್ಯಶಾಲಿಯಾದುದು. ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನವನ್ನೇ ನೋಡಬಹುದು. ಕಾಲ ಕ್ರಿ.ಶ. 949-50. ರಾಷ್ಟ್ರಕೂಟ ಮೂರನೆಯ ಕೃಷ್ಣನಿಗೂ ಚೋಳ ರಾಜಾದಿತ್ಯನಿಗೂ ತಕ್ಕೋಲದಲ್ಲಿ ನಡೆದ ಯುದ್ಧ, ಗಂಗರ ಇಮ್ಮಡಿ ಬೂತುಗನ ಪರಾಕ್ರಮ ಇತ್ಯಾದಿಗಳಿಗಾಗಿ ವಿದ್ವಾಂಸರು ಈ ಶಾಸನವನ್ನು ಉಲ್ಲೇಖಿಸುತ್ತಾರೆ. ಮಗುವಿಗೆ ಬೇಕಾದುದು ಅದರ ಉಳಿದರ್ಧ. ಯುದ್ಧದಲ್ಲಿ ಶೌರ್ಯ ಮೆರೆದ ಮಣಲೆರನಿಗೆ, ಬೇಕಾದುದನ್ನು ಕೇಳೆಂದು ಬೂತುಗನು ಹೇಳಿದಾಗ, ಅವನು ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಆ ನಾಯಿ ಮುಂದೆ ಒಂದು ದೊಡ್ಡ ಹಂದಿಯೊಡನೆ ಕಾದಾಡಿತು, ಎರಡೂ ಸತ್ತವು. ನಾಯಿಯ ನೆನಪಿಗೆ ಕಲ್ಲು ನಿಲ್ಲಿಸಿ ಭೂಮಿಯನ್ನು ದತ್ತಿ ಬಿಡಲಾಯಿತು. ಕಲ್ಲನ್ನು ಪೂಜಿಸದೆ ಉಂಡ ಗೊರವನಿಗೆ ನಾಯಿ ಗೈದ ಪಾಪ ತಗಲುವುದೆಂಬ ಎಚ್ಚರಿಕೆಯೂ ಅದರಲ್ಲಿದೆ. ನಾಯಿಯೂ ಹಂದಿಯೂ ಸೆಣಸುತ್ತಿರುವ ಶಿಲ್ಪವುಳ್ಳ ಆ ಕಲ್ಲು ಇಂದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ.

ಇದನ್ನು ಕೇಳಿದ ಮೂರನೆಯ ತರಗತಿಯ ಮಕ್ಕಳು ಸುಮ್ಮನಿರಲು ಸಾಧ್ಯವೇ? ಅವನು ಬಂಗಾರವನ್ನೇಕೆ ಕೇಳಲಿಲ್ಲ? ನಾಯಿಯ ಹೆಸರು ಕಲ್ಲಿನಲ್ಲಿರುವಾಗ ಆ ಹೊಲ ಉತ್ತವನ ಹೆಸರೇಕಿಲ್ಲ? ಕಲ್ಲು ಸುಳ್ಳು ಹೇಳುತ್ತದೆಯೇ? ಊರಿನ ಕಲ್ಲು ಬೆಂಗಳೂರಿಗೇಕೆ ಹೋಯಿತು? ಈ ನಾಲ್ಕು ಪ್ರಶ್ನೆಗಳಲ್ಲಿ ಮೌಲ್ಯ, ಭೂ ಒಡೆತನ, ಆಕರ ವಿಮರ್ಶೆ, ಪರಂಪರೆಯ ರಕ್ಷಣೆ ಎಂಬ ನಾಲ್ಕು ದೊಡ್ಡ ವಿಷಯಗಳು ಅಡಗಿವೆ.

ಪೌರನೀತಿಗೂ ಇಂತಹ ಆಕರಗಳಿವೆ. ಶ್ರವಣಬೆಳಗೊಳದಲ್ಲಿರುವ 1368ರ ಬುಕ್ಕರಾಯನ ಶಾಸನ ಜೈನರಿಗೂ ಶ್ರೀವೈಷ್ಣವರಿಗೂ ಉಂಟಾದ ವಿವಾದದ ತೀರ್ಪನ್ನು ದಾಖಲಿಸಿದೆ. ಅರಸನು ಒಬ್ಬರ ಕೈಯನ್ನು ಇನ್ನೊಬ್ಬರ ಕೈಯಲ್ಲಿರಿಸಿದ ಸಂಗತಿಯನ್ನು ಭಾಷಣಕಾರರೆಲ್ಲ ಹೇಳುತ್ತಾರೆ. ಆದರೆ ಶಾಸನ ಅಲ್ಲಿಗೇ ನಿಲ್ಲುವುದಿಲ್ಲ. ಜೈನರು ಮನೆಗೊಂದು ಹಣದಂತೆ ವರ್ಷವರ್ಷವೂ ಕೊಡಬೇಕು. ಅದರಿಂದ ಬೆಳಗೊಳದ ದೇವರಿಗೆ ಇಪ್ಪತ್ತು ಮಂದಿ ಕಾವಲಿನವರನ್ನು ನೇಮಿಸಬೇಕು. ಉಳಿದ ಹಣದಲ್ಲಿ ಜೀರ್ಣ ಬಸದಿಗಳಿಗೆ ಸುಣ್ಣ ಹೊಡೆಸಬೇಕು. ಇದರ ಹೊಣೆ ತಿರುಮಲೆಯ ತಾತಯ್ಯನದು. ಜಗಳ ಮುಗಿಯಬೇಕಾದರೆ ಒಳ್ಳೆಯ ಮಾತಷ್ಟೇ ಸಾಲದು. ಹಣವೆಲ್ಲಿಂದ, ಕಾವಲು ಯಾರದು, ಹೊಣೆ ಯಾರದು ಎಂಬುದೂ ನಿರ್ಧಾರವಾಗಬೇಕು. ಸೌಹಾರ್ದವೆಂಬ ಪದವನ್ನು ಹತ್ತು ಬಾರಿ ಬರೆಸುವುದಕ್ಕಿಂತ ಈ ಸುಣ್ಣದ ಲೆಕ್ಕವನ್ನು ಒಮ್ಮೆ ವಿವರಿಸುವುದು ಹೆಚ್ಚು ಫಲಕಾರಿ.

ಎಲ್ಲ ಊರುಗಳೂ ಶ್ರವಣಬೆಳಗೊಳವಲ್ಲ, ನಿಜ. ಆದರೆ ವೀರಗಲ್ಲುಗಳು ನಾಡಿನುದ್ದಕ್ಕೂ ಇವೆ. ಸಾಮಾನ್ಯವಾಗಿ ಕೆಳಗಿನ ಪಟ್ಟಿಕೆಯಲ್ಲಿ ಹೋರಾಟ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ದೇವಸನ್ನಿಧಿ. ಕೆಳಗಿನಿಂದ ಮೇಲಕ್ಕೆ ಓದಬೇಕಾದ ಚಿತ್ರಕಥೆಯಿದು. ಅಕ್ಷರ ಬಾರದ ಮಗುವೂ ಇದನ್ನು ಓದಬಲ್ಲದು. ವೀರಗಲ್ಲಿಲ್ಲದ ಊರಿನಲ್ಲಿ ಕೆರೆಯಿದೆ. ಅದರ ಏರಿ, ತೂಬು, ಕೋಡಿಗಳಿವೆ. ನೀರು ಹಂಚುತ್ತಿದ್ದ ನೀರುಗಂಟಿಯ ನೆನಪಿದೆ. ಶಾಸನಗಳಲ್ಲಿ ಬರುವ ಕೊಳಗ, ಖಂಡುಗಗಳು ಹಳ್ಳಿಯ ಅಜ್ಜಿಯರ ಬಾಯಲ್ಲಿ ಇನ್ನೂ ಉಳಿದಿವೆ.

ಆಕ್ಷೇಪಗಳು ಬರುತ್ತವೆ, ಅವುಗಳಲ್ಲಿ ಎರಡು ಗೌರವಾರ್ಹ. ಊರಿನ ಕಲ್ಲನ್ನು ತರಗತಿಗೆ ತಂದರೆ ಜಾತಿಯ, ಮತದ ಹಮ್ಮು ಅದರ ಬೆನ್ನಿಗೇ ಬರುವುದೆಂಬುದು ಮೊದಲನೆಯದು. ಇದು ನಿಜವಾದ ಅಪಾಯ. ಆದರೆ ಕಲ್ಲನ್ನು ಕೊಂಡಾಡುವುದು ಬೇರೆ, ಪ್ರಶ್ನಿಸುವುದು ಬೇರೆ. ಕಲ್ಲಿನಲ್ಲಿ ಹೆಸರಿಲ್ಲದವರು ಯಾರೆಂದು ಕೇಳಲು ಕಲಿತ ಮಗು ಹಮ್ಮಿಗೆ ಸುಲಭವಾಗಿ ಬಲಿಯಾಗದು. ಬರಿಯ ಸ್ತುತಿಯನ್ನೇ ಕೇಳಿ ಬೆಳೆದದ್ದು ಆಗುತ್ತದೆ. ಹಲವು ತರಗತಿಗಳನ್ನು ಒಬ್ಬರೇ ನಿಭಾಯಿಸುವ ಶಿಕ್ಷಕರಿಗೆ ಇದಕ್ಕೆ ಸಮಯವೆಲ್ಲಿ ಎಂಬುದು ಎರಡನೆಯದು. ಈ ಮಾತಿಗೆ ಶಿಕ್ಷಕರನ್ನು ದೂರುವುದು ಅನ್ಯಾಯ. ಅವರ ಕೈಗೆ ಸಿದ್ಧ ಸಾಮಗ್ರಿ ಕೊಡಬೇಕಾದವರು ಯಾರೆಂದು ಕೇಳುವುದು ನ್ಯಾಯ.

ಉತ್ತರ ಅಹಿತಕರವಾದುದು: ಕನ್ನಡದ ವಿದ್ವಾಂಸರು. ಬಿ. ಎಲ್. ರೈಸ್ 1886ರಲ್ಲಿ ಆರಂಭಿಸಿದ ಎಪಿಗ್ರಾಫಿಯ ಕರ್ನಾಟಿಕ ಸಂಪುಟಗಳು ಶಾಸನಗಳನ್ನು ತಾಲ್ಲೂಕುವಾರು ಜೋಡಿಸಿವೆ. ಅಂದರೆ ಹಳೆಯ ಮೈಸೂರು ಸೀಮೆಯ ಒಂದು ಊರಿನ ಶಿಕ್ಷಕರು ತಮ್ಮೂರಿನ ಕಲ್ಲು ಏನು ಹೇಳುತ್ತದೆಂದು ಹುಡುಕಲು ದಾರಿ ನೂರು ವರ್ಷಕ್ಕೂ ಹಿಂದೆಯೇ ಸಿದ್ಧವಾಗಿದೆ. ಸಿದ್ಧವಾಗದೆ ಉಳಿದಿರುವುದು ಕೊನೆಯ ಹೆಜ್ಜೆ ಮಾತ್ರ: ಆ ಪಾಠವನ್ನು ಎಂಟು ವರ್ಷದ ಮಗುವಿನ ಕನ್ನಡಕ್ಕೆ ತರುವುದು. ಒಂದು ಪದದ ಪಾಠಾಂತರಕ್ಕಾಗಿ ಹತ್ತು ಪುಟ ಬರೆಯುವವರಿಗೆ ಈ ಕೆಲಸ ಕಿರಿದಾಗಿ ಕಾಣುತ್ತದೆ. ಹಿಂದಿನವರಿಗೆ ಹಾಗೆ ಕಾಣಲಿಲ್ಲ. ಶಿವರಾಮ ಕಾರಂತರು ಬಾಲಪ್ರಪಂಚದ ಮೂರು ಸಂಪುಟಗಳನ್ನು ರಚಿಸಿದರು. ಬೌದ್ಧ, ಜೈನ ಸಾಹಿತ್ಯಗಳಲ್ಲಿ ಪರಿಶ್ರಮವಿದ್ದ ಜಿ. ಪಿ. ರಾಜರತ್ನಂ ಮಕ್ಕಳಿಗಾಗಿ ‘ತುತ್ತೂರಿ’ ಬರೆದರು. ವಿದ್ವತ್ತಿಗೆ ಅದರಿಂದ ಕುಂದು ಬಂದಂತಿಲ್ಲ.

ಸಂಶೋಧಕರ ಸ್ವಾರ್ಥಕ್ಕಾದರೂ ಇದು ಅಗತ್ಯ. ವೀರಗಲ್ಲುಗಳು ಬಟ್ಟೆ ಒಗೆಯುವ ಹಾಸುಗಲ್ಲಾಗುತ್ತಿವೆ, ರಸ್ತೆ ಅಗಲಿಸುವಾಗ ಮಣ್ಣುಪಾಲಾಗುತ್ತಿವೆ, ನಿಧಿಯಾಸೆಗೆ ಒಡೆದುಹೋಗುತ್ತಿವೆ. ಪ್ರತಿ ಕಲ್ಲಿಗೂ ಒಬ್ಬ ಕಾವಲುಗಾರನನ್ನು ಯಾವ ಇಲಾಖೆಯೂ ನೇಮಿಸಲಾರದು. ಊರಿನ ಇಪ್ಪತ್ತು ಮಕ್ಕಳಿಗೆ ಆ ಕಲ್ಲಿನ ಕಥೆ ಗೊತ್ತಿದ್ದರೆ ಇಪ್ಪತ್ತು ಮಂದಿ ಕಾವಲಿನವರು ನೇಮಕವಾದಂತೆಯೇ. ಅವರಲ್ಲಿ ಕುಂಬಾರನ ಮಗಳೂ ಇರಬೇಕು. ಮಡಕೆಯ ಬಗ್ಗೆ ಅವಳು ತರಗತಿಗೆ ಕಲಿಸಲಿ. ಕಲ್ಲಿನ ಬಗ್ಗೆ ತರಗತಿ ಅವಳಿಗೆ ಕಲಿಸಲಿ.